ಹುಲಿ, ಸಿಂಹ ಒಂದೇ ಜಾತಿಯೇ? ಜೀನಸ್, ಸ್ಪೀಷೀಸ್‌ಗೆ ಯಾವ ಪದ?

‘ಹುಲಿ ಮತ್ತು ಸಿಂಹ ಒಂದೇ ಜಾತಿಯ ಪ್ರಾಣಿಗಳು.’ ಈ ವಾಕ್ಯ ಸರಿಯೋ ತಪ್ಪೋ? ಜಾತಿ ಎಂದರೆ ಜೀನಸ್ (ಹತ್ತಿರದ ಬಗೆಗಳನ್ನು ಒಟ್ಟಿಗಿಡುವ ಗುಂಪು) ಎಂದು ತಿಳಿದರೆ ಸರಿ. ಎರಡೂ ಪ್ಯಾಂಥೆರಾ ಎಂಬ ಜೀನಸ್‌ನವು, ಚಿರತೆಯೂ ಅದರಲ್ಲೇ. ಸ್ಪೀಷೀಸ್ (ಆ ಗುಂಪಿನೊಳಗಿನ ಒಂದೊಂದು ಬಗೆ) ಎಂದು ತಿಳಿದರೆ ಶುದ್ಧ ತಪ್ಪು. ತೊಡಕೆಂದರೆ ಕನ್ನಡದಲ್ಲಿ ಈ ಎರಡು ಬಳಕೆಯೂ ಇದೆ. ಜೀನಸ್‌ಗೆ ಜಾತಿ, ಸ್ಪೀಷೀಸ್‌ಗೆ ಪ್ರಭೇದ ಎನ್ನುವುದು ಒಂದು ರೂಢಿ. ಜೀನಸ್‌ಗೆ ಕುಲ ಎನ್ನುವವರೂ ಇದ್ದಾರೆ. ಪತ್ರಿಕೆಗಳಲ್ಲಿ ಮಾತ್ರ ‘ಅಳಿವಿನಂಚಿನ ಜಾತಿಗಳು’ ಎಂದರೆ ಸ್ಪೀಷೀಸೇ. ಹಿಂದಿಯಲ್ಲೂ ಸ್ಪೀಷೀಸ್‌ಗೆ ಜಾತಿ, ಜೀನಸ್‌ಗೆ ವಂಶ. ನಮ್ಮ ಪಠ್ಯಗಳಲ್ಲೋ ವಂಶ ಎಂದರೆ ಫೈಲಮ್, ಜೀನಸ್‌ಗಿಂತ ಎಷ್ಟೋ ಮೆಟ್ಟಿಲು ಮೇಲಿನ ದೊಡ್ಡ ಗುಂಪು! ಎರಡೂ ಕಡೆಯ ಪುಸ್ತಕ ಓದುವ ವಿದ್ಯಾರ್ಥಿಯ ಪಾಡು ಹೇಳತೀರದು.

ಹುಟ್ಟನ್ನು ನೋಡಿದರೆ ಜೀನಸ್‌ಗೆ ಜಾತಿ ಎಂದವರದು ಬಲವಾದ ವಾದವೇ. ಲ್ಯಾಟಿನ್ನಿನ ಜೀನಸ್, ಸಂಸ್ಕೃತದ ಜನ, ಜಾತಿ ಎಲ್ಲವೂ ‘ಹುಟ್ಟು’ ಎಂಬರ್ಥದ ಒಂದೇ ಮೂಲಧಾತುವಿನಿಂದ ಬಂದವು. ಜೀನಸ್, ಸ್ಪೀಷೀಸ್ ಜೋಡಿ ಜೀವವಿಜ್ಞಾನಕ್ಕೆ ಬರುವ ಮೊದಲು ತರ್ಕಶಾಸ್ತ್ರದಲ್ಲಿತ್ತು: ದೊಡ್ಡ ಗುಂಪು, ಅದರೊಳಗಿನ ಬಗೆ. ಪ್ರಭೇದ ಎಂಬುದರಲ್ಲಿ ಆ ಒಡೆದು ಬೇರ್ಪಡಿಸುವ ಅರ್ಥ ಚೆನ್ನಾಗಿಯೇ ಇದೆ. ಆದರೂ ನನ್ನ ಮತ ಕುಲ, ಪ್ರಭೇದ ಎಂಬ ಜೋಡಿಗೆ. ‘ಇದು ಯಾವ ಜಾತಿಯ ಮರ?’ ಎಂದು ಕೇಳುವವರು ವರ್ಗೀಕರಣದ ಮೆಟ್ಟಿಲು ಎಣಿಸುತ್ತಿರುವುದಿಲ್ಲ. ಆ ಪದವನ್ನು ಆಡುಮಾತಿಗೇ ಬಿಟ್ಟುಬಿಡೋಣ.

ಹಾಗೆಂದು ಪ್ರಭೇದವೇನೂ ಕಲಬೆರಕೆಯಿಲ್ಲದ್ದಲ್ಲ. ‘ಮಾವಿನ ಹಲವು ಪ್ರಭೇದಗಳು’ ಎಂದು ಬರೆಯುವ ಕಡೆಯೆಲ್ಲ ಹೇಳಬೇಕಾದ್ದು ತಳಿ. ಎಲೆಕೋಸು, ಹೂಕೋಸು, ನವಿಲುಕೋಸು ಮೂರೂ ಬ್ರಾಸಿಕಾ ಓಲೆರೇಸಿಯಾ ಎಂಬ ಒಂದೇ ಪ್ರಭೇದ; ಕಣ್ಣಿಗೆ ಎಷ್ಟು ಬೇರೆ ಕಂಡರೂ ಪ್ರಭೇದ ಬೇರೆಯಾಗುವುದಿಲ್ಲ.

ನನಗೆ ಇದಕ್ಕಿಂತ ಹೆಚ್ಚು ತಲೆನೋವಾಗಿರುವುದು ವೈಜ್ಞಾನಿಕ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯುವುದು. ರೋಮನ್ ಲಿಪಿಯಲ್ಲಿ ಕುಲದ ಹೆಸರಿಗೆ ದೊಡ್ಡಕ್ಷರ, ಎರಡನೆಯ ಪದಕ್ಕೆ ಸಣ್ಣಕ್ಷರ, ಎರಡೂ ಓರೆ. ನಮ್ಮಲ್ಲಿ ದೊಡ್ಡ ಸಣ್ಣ ಅಕ್ಷರಗಳ ಭೇದವಿಲ್ಲ. ಓರೆ ಮಾಡಿದರೆ ಒತ್ತಕ್ಷರಗಳು ಕುಡಿದು ತೂರಾಡಿದಂತೆ ಕಾಣುತ್ತವೆ. ಯಾವುದು ಕುಲದ ಹೆಸರು ಎಂಬ ಸುಳಿವು ಹೋದಾಗ ಎರಡನೆಯ ಪದವನ್ನೇ ಒಂಟಿಯಾಗಿ ಹೆಸರಿನಂತೆ ಬಳಸುವವರು ಹುಟ್ಟಿಕೊಳ್ಳುತ್ತಾರೆ. ಮಾವು ಮ್ಯಾಂಜಿಫೆರಾ ಇಂಡಿಕಾ, ಹುಣಸೆ ಟ್ಯಾಮರಿಂಡಸ್ ಇಂಡಿಕಾ, ಬೇವು ಅಜಾಡಿರಾಕ್ಟಾ ಇಂಡಿಕಾ. ಬರೀ ‘ಇಂಡಿಕಾ’ ಎಂದರೆ ಯಾವ ಮರವೂ ಅಲ್ಲ.

ಕಂಸದ ಕಥೆ ಇನ್ನೂ ಸೂಕ್ಷ್ಮ. ಬೆಕ್ಕಿನ ಪೂರ್ಣ ಹೆಸರು ಫೆಲಿಸ್ ಕ್ಯಾಟಸ್ ಲಿನೇಯಸ್, 1758. ಹುಲಿಯದು ಪ್ಯಾಂಥೆರಾ ಟೈಗ್ರಿಸ್ (ಲಿನೇಯಸ್, 1758). ಎರಡಕ್ಕೂ ಹೆಸರಿಟ್ಟವನು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ಸೇ, ವರ್ಷವೂ ಅದೇ. ಅವನು ಹುಲಿಯನ್ನೂ ಬೆಕ್ಕಿನ ಜೊತೆ ಫೆಲಿಸ್ ಕುಲದಲ್ಲೇ ಇಟ್ಟಿದ್ದ. ಆಮೇಲೆ ಅದು ಬೇರೆ ಕುಲಕ್ಕೆ ಹೋಯಿತು ಎಂದು ಹೇಳುವುದೇ ಆ ಕಂಸದ ಕೆಲಸ. ಅಂದಕ್ಕೆಂದು ಕಂಸ ತೆಗೆದರೆ, ಅಥವಾ ಬೆಕ್ಕಿಗೂ ಒಂದು ಜೊತೆ ಕೊಟ್ಟರೆ, ಮಾಹಿತಿಯೇ ತಪ್ಪಾಗುತ್ತದೆ.

ಈಗ ಬಲ್ಲವರನ್ನು ಕೇಳಬೇಕಾದ್ದು. ಒಮ್ಮೆ ಪೂರ್ತಿ ಬರೆದ ಮೇಲೆ ಕುಲದ ಹೆಸರನ್ನು ಮೊಟಕು ಮಾಡುವುದು ವಾಡಿಕೆ. ಕನ್ನಡದಲ್ಲಿ ‘ಪಿ. ಟೈಗ್ರಿಸ್’ ಎನ್ನಬೇಕೋ ‘ಪ್ಯಾ. ಟೈಗ್ರಿಸ್’ ಎನ್ನಬೇಕೋ? ‘ಪಿ.’ ಎಂದರೆ ಯಾರದೋ ಇನಿಶಿಯಲ್ ಇದ್ದಂತಿದೆ. ‘ಪ್ಯಾ.’ ಎಂದರೆ ಒಂದು ಲಾಭವೂ ಉಂಟು: ಪ್ಯಾಂಥೆರಾ, ಪ್ಯೂಮಾ ಎರಡೂ ರೋಮನ್ ಲಿಪಿಯಲ್ಲಿ ಒಂದೇ ಅಕ್ಷರಕ್ಕೆ ಇಳಿಯುತ್ತವೆ, ನಮ್ಮಲ್ಲಿ ‘ಪ್ಯಾ.’, ‘ಪ್ಯೂ.’ ಎಂದು ಬೇರೆಯಾಗಿಯೇ ಉಳಿಯುತ್ತವೆ. ಓರೆ ಅಕ್ಷರದ ಬದಲು ಒಂಟಿ ಉದ್ಧರಣ ಚಿಹ್ನೆ ಹಾಕೋಣವೆಂದರೆ, ಸಸ್ಯಗಳಲ್ಲಿ ಅದು ಬೆಳೆಸಿದ ತಳಿಯ ಹೆಸರಿಗೆ ಮೀಸಲು. ಅಡಿಗೆರೆ ಎಳೆದರೆ ಒತ್ತುಗಳಿಗೆ ತಾಗುತ್ತದೆ. ವಿಜ್ಞಾನ ಪುಸ್ತಕಗಳನ್ನು ತಿದ್ದುವವರು ಏನು ಮಾಡುತ್ತಿದ್ದೀರಿ?