ಹೆಣೆದು ಕೊಟ್ಟ ಶಾಲು ಕುಗ್ಗಿಹೋಯಿತು. ಇನ್ನು ಯಾವ ನೂಲಿನಲ್ಲಿ, ಏನು ಮಾಡಿಕೊಡಲಿ?

ನೂಲಿನುಂಡೆ

ಎಲ್ಲರಿಗೂ ನಮಸ್ಕಾರ. ನಾನು ಕ್ರೋಶಾ (ಕೊಕ್ಕೆ ಕಡ್ಡಿಯಲ್ಲಿ ಹೆಣೆಯುವುದು) ಕಲಿತು ಎರಡು ವರ್ಷ ಆಗುತ್ತಾ ಬಂತು. ಹೋದ ವರ್ಷ ಅಕ್ಕನಿಗೆ ಒಂದು ಶಾಲು ಹೆಣೆದು ಕೊಟ್ಟೆ. ಬೂದು ಬಣ್ಣದ ಉಣ್ಣೆ ನೂಲು, 5 ಮಿ.ಮೀ. ಕಡ್ಡಿ, ಬರೀ ಸಿಂಗಲ್ ಕ್ರೋಶಾ (ಗಿಡ್ಡ ಸ್ಟಿಚ್), ಒಂದೂವರೆ ಮೀಟರ್ ಉದ್ದ. ಮಗಳು ಮಲಗಿದ ಮೇಲೆ ರಾತ್ರಿ ಕೂತು ಮೂರು ತಿಂಗಳು ಹೆಣೆದಿದ್ದೆ. ಕೊಟ್ಟ ದಿನ ಅಕ್ಕ ಅದನ್ನು ಹೆಗಲಿಗೆ ಹಾಕಿಕೊಂಡವಳು ಮಲಗುವ ತನಕ ತೆಗೆಯಲಿಲ್ಲ.

ಆಮೇಲೆ ಅದು ಅವಳ ಮೈಮೇಲೆ ಕಾಣಲೇ ಇಲ್ಲ. ನಾನೂ ಕೇಳಲಿಲ್ಲ. ಮೊನ್ನೆ ಅವಳ ಮನೆಯಲ್ಲಿ ಏನೋ ಹುಡುಕಲು ಬೀರು ತೆಗೆದಾಗ ಕೆಳಗಿನ ಖಾನೆಯಲ್ಲಿ ಸಿಕ್ಕಿತು. ವಾಷಿಂಗ್ ಮೆಷಿನ್‌ನಲ್ಲಿ ಬಿಸಿನೀರಿಗೆ ಹಾಕಿಬಿಟ್ಟಿದ್ದಳಂತೆ. ಈಗ ಹೆಚ್ಚುಕಡಿಮೆ ಒಂದು ಮೀಟರ್ ಇದೆ. ಹಳೇ ಕಂಬಳಿಯ ಹಾಗೆ ದಪ್ಪಗೆ, ಗಡುಸಾಗಿದೆ. ಸ್ಟಿಚ್ ಒಂದೂ ಕಾಣುವುದಿಲ್ಲ. "ನಿಂಗೆ ಹೇಗೆ ಹೇಳ್ಲಿ ಅಂತ ಗೊತ್ತಾಗ್ಲಿಲ್ಲ ಕಣೇ" ಅಂತ ಅತ್ತಳು. ನನಗೂ ಅಳು ಬಂತು. ಶಾಲು ಹೋಯಿತು ಅಂತಲ್ಲ. ಎಂಟು ತಿಂಗಳು ಅವಳು ಅದನ್ನು ಮುಚ್ಚಿಟ್ಟುಕೊಂಡು ನನ್ನ ಮುಖ ನೋಡುತ್ತಿದ್ದಳಲ್ಲ, ಅದಕ್ಕೆ.

ಈಗ ಮೂರು ಉಡುಗೊರೆ ಮಾಡಬೇಕು. ಇನ್ನು ನಾಲ್ಕು ತಿಂಗಳಿಗೆ ತಮ್ಮನಿಗೆ ಮಗು ಆಗುತ್ತದೆ. ಅದೇ ಹೊತ್ತಿಗೆ ಅಪ್ಪನಿಗೆ 70 ತುಂಬುತ್ತದೆ. ಆಪ್ತ ಗೆಳತಿಯೊಬ್ಬಳು ದೂರದ ಊರಿಗೆ ಹೋಗುತ್ತಿದ್ದಾಳೆ. ದಿನಕ್ಕೆ ಒಂದು ಗಂಟೆ ಸಿಗುತ್ತದೆ, ಅಷ್ಟೇ. ಯಾವ ನೂಲು ತರಲಿ? ಯಾರಿಗೆ ಏನು ಮಾಡಲಿ? ಇನ್ನೊಂದು ಮಾತು. ನಾನು ಡಬಲ್ ಕ್ರೋಶಾ (ಸಿಂಗಲ್‌ಗಿಂತ ಎತ್ತರದ ಸ್ಟಿಚ್) ಹಾಕಿದಾಗಲೆಲ್ಲ ಬಟ್ಟೆ ಮೇಲೆ ಹೋಗುತ್ತಾ ಕಿರಿದಾಗುತ್ತದೆ. 40 ಸ್ಟಿಚ್‌ನಿಂದ ಶುರು ಮಾಡಿದ್ದು ಕೊನೆಗೆ 33ಕ್ಕೆ ಬಂದು ನಿಂತಿತ್ತು. ಎಲ್ಲಿ ತಪ್ಪುತ್ತಿದೆ?

ಸಂಜೆ ಹೆಣಿಗೆ

ನಿಮ್ಮ ಪೋಸ್ಟ್ ಓದಿ ಸುಮ್ಮನಿರಲು ಆಗಲಿಲ್ಲ. ನಾನು ಹೆಣೆಯಲು ಶುರು ಮಾಡಿ 26 ವರ್ಷ ಆಯಿತು. ಇದೇ ಸಂಕಟ ನಾನೂ ಅನುಭವಿಸಿದ್ದೇನೆ. ಅತ್ತೆಗೆ ಉಣ್ಣೆಯಲ್ಲಿ ಮಾಡಿಕೊಟ್ಟ ಸ್ವೆಟರ್ ಮೂರು ವರ್ಷದ ಮಗುವಿಗೆ ಆಗುವಷ್ಟಾಗಿ ವಾಪಸ್ ಬಂತು.

ಯಾರ ತಪ್ಪೂ ಅಲ್ಲ ಅಂತ ಹೇಳಿ ಮುಗಿಸಬಹುದು. ಆದರೆ ನನಗೆ ಹಾಗೆ ಅನ್ನಿಸುವುದಿಲ್ಲ. ಒಗೆಯುವುದು ಹೇಗೆ ಅಂತ ತಿಳಿಸದೆ ಉಣ್ಣೆ ಕೊಟ್ಟರೆ ಅದು ಕೊಟ್ಟವರ ಕೊರತೆ. ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯ ಹಾಗೆ ಸಣ್ಣ ಸಣ್ಣ ಪದರ ಇರುತ್ತವೆ. ಬಿಸಿ, ನೀರು, ಉಜ್ಜಾಟ ಮೂರೂ ಒಟ್ಟಿಗೆ ಸೇರಿದರೆ ಆ ಪದರಗಳು ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಮತ್ತೆ ಬಿಡಿಸಲು ಬರುವುದಿಲ್ಲ. ಮೆಷಿನ್‌ನಲ್ಲಿ ಆದದ್ದು ಇದೇ. ನಿಮ್ಮ ಅಕ್ಕನಿಗೆ ಇದು ಗೊತ್ತಿರಬೇಕು ಅಂತ ಯಾಕೆ ಅಂದುಕೊಳ್ಳಬೇಕು? ಅವರು ಹೆಣೆಯುವವರಲ್ಲ.

ಅದಕ್ಕೇ ನಾನು ಈಗ ನೂಲು ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಒಗೆಯುವವರು ಯಾರು, ಹೇಗೆ ಒಗೆಯುತ್ತಾರೆ? ಬಣ್ಣ, ಡಿಸೈನ್ ಎಲ್ಲ ಆಮೇಲೆ. ಎಲ್ಲವನ್ನೂ ಮೆಷಿನ್‌ಗೆ ಹಾಕುವ ಮನೆಗೆ ಹತ್ತಿ ಅಥವಾ ಅಕ್ರಿಲಿಕ್. ತಣ್ಣೀರಿನಲ್ಲಿ ಕೈಯಲ್ಲೇ ಹಿಂಡದೆ ಒಗೆದು, ಟವೆಲ್ ಮೇಲೆ ಹರಡಿ ಒಣಗಿಸುವವರಿಗೆ ಮಾತ್ರ ಉಣ್ಣೆ. ಮೆಷಿನ್‌ಗೂ ತಡೆಯುವಂತೆ ಸಂಸ್ಕರಿಸಿದ ಉಣ್ಣೆ ಇದೆ, ಲೇಬಲ್ ಮೇಲೆ 'ಸೂಪರ್‌ವಾಶ್' ಅಂತ ಇರುತ್ತದೆ.

ನಮ್ಮಲ್ಲಿ ಇನ್ನೊಂದು ಗೊಂದಲ ಇದೆ. ನಾವು ಎಲ್ಲದಕ್ಕೂ 'ಉಲ್ಲನ್' ಅನ್ನುತ್ತೇವೆ. ಅಕ್ರಿಲಿಕ್ ಆದರೂ ಉಲ್ಲನ್, ಕುರಿಯ ಉಣ್ಣೆ ಆದರೂ ಉಲ್ಲನ್. ಲೇಬಲ್ ಕಳೆದುಹೋದ ಉಂಡೆ ಇದ್ದರೆ ಬೆರಳುದ್ದ ತುಂಡು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿ ಕಾಗದದ ಹಾಗೆ ಉರಿಯುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಕ್ರಿಲಿಕ್ ಮೇಲೆ ಬಿಸಿ ಇಸ್ತ್ರಿ ಇಡಬೇಡಿ. ಒಮ್ಮೆ ಸೊರಗಿತು ಅಂದರೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಬಿಸಿ ಪಾತ್ರೆ ಹಿಡಿಯುವ ಬಟ್ಟೆಗೂ ಅದು ಬೇಡ, ಹತ್ತಿಯೇ ಆಗಬೇಕು.

ಇನ್ನು ಅಂಚು ಕಿರಿದಾಗುವುದು. ನೀವು ಹೇಳಿದ ಲೆಕ್ಕ ನೋಡಿದರೆ ಸಾಲಿನ ಕೊನೆಯ ಸ್ಟಿಚ್ ತಪ್ಪುತ್ತಿದೆ. ಡಬಲ್ ಕ್ರೋಶಾದಲ್ಲಿ ತಿರುಗುವಾಗ ಮೂರು ಚೈನ್ (ಸರಪಳಿಯ ಹಾಗಿನ ಕುಣಿಕೆ) ಹಾಕುತ್ತೀರಲ್ಲ, ಅದೇ ಆ ಸಾಲಿನ ಮೊದಲ ಸ್ಟಿಚ್. ಮುಂದಿನ ಸಾಲಿನ ಕೊನೆಯಲ್ಲಿ ಆ ಮೂರು ಚೈನ್‌ನ ತಲೆಯ ಮೇಲೆ ಒಂದು ಡಬಲ್ ಬೀಳಲೇಬೇಕು. ನೋಡಲು ಅದು ಸ್ಟಿಚ್ ಹಾಗೆ ಕಾಣುವುದಿಲ್ಲ, ಅದಕ್ಕೇ ಕೈ ಬಿಟ್ಟುಹೋಗುತ್ತದೆ. ಮೂರನೇ ಚೈನ್‌ಗೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿಡಿ. ನಾಲ್ಕೈದು ಸಾಲಿಗೊಮ್ಮೆ ಎಣಿಸಿ. ಒಂದು ವಾರದಲ್ಲಿ ಕಣ್ಣಿಗೆ ರೂಢಿಯಾಗುತ್ತದೆ.

ಪ್ಯಾಟರ್ನ್ ನೋಡಿಕೊಂಡು ಹಾಕುತ್ತಿದ್ದರೆ ಅದು ಅಮೆರಿಕದ್ದೋ ಬ್ರಿಟಿಷರದ್ದೋ ಮೊದಲು ತಿಳಿದುಕೊಳ್ಳಿ. ಬ್ರಿಟಿಷರ 'ಡಬಲ್' ಅಂದರೆ ಅಮೆರಿಕದ 'ಸಿಂಗಲ್'. 'ಸಿಂಗಲ್ ಕ್ರೋಶಾ' ಅನ್ನುವ ಮಾತು ಎಲ್ಲಾದರೂ ಇದ್ದರೆ ಅದು ಅಮೆರಿಕದ ಪದ್ಧತಿ.

ಪುಟ್ಟ ಹೆಜ್ಜೆ

ನಾನು ನವಜಾತ ಶಿಶುಗಳ ವಾರ್ಡಿನಲ್ಲಿ ಕೆಲಸ ಮಾಡುತ್ತೇನೆ. ಮಗುವಿನ ಉಡುಗೊರೆ ಬಗ್ಗೆ ಮಾತ್ರ ಹೇಳುತ್ತೇನೆ.

ಹೊದಿಕೆ ಮಾಡುವುದಾದರೆ ಮಾಡಿ. ಆದರೆ ಒಂದು ವರ್ಷ ತುಂಬುವ ತನಕ ಮಗು ಮಲಗುವ ಜಾಗದಲ್ಲಿ ಸಡಿಲ ಹೊದಿಕೆ, ದಿಂಬು, ಮೆತ್ತನೆ ಗೊಂಬೆ ಇಡಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಉಸಿರು ಕಟ್ಟುವ ಅಪಾಯ ಇದೆ. ನೆಲದ ಮೇಲೆ ಹಾಸಿ ಆಡಿಸಲು, ಎಚ್ಚರ ಇರುವಾಗ ಕಾಲಿನ ಮೇಲೆ ಹಾಕಲು ಅಂತ ಹೇಳಿಯೇ ಕೊಡಿ. ತೂತು ತೂತಾದ ಡಿಸೈನ್ ಬೇಡ. ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಕುಚ್ಚು, ಉದ್ದ ದಾರ, ರಿಬ್ಬನ್ ಬೇಡ.

ಗೊಂಬೆ ಮಾಡಿದರೆ ಕಣ್ಣಿಗೆ ಗುಂಡಿ, ಮಣಿ ಬೇಡವೇ ಬೇಡ. ದಾರದಲ್ಲೇ ಕಣ್ಣು ಹೊಲಿಯಿರಿ. ಸಣ್ಣ ಕಡ್ಡಿಯಲ್ಲಿ ಬಿಗಿಯಾಗಿ ಹೆಣೆಯಿರಿ, ಒಳಗಿನ ಹತ್ತಿ ಸಂದಿಯಿಂದ ಹೊರಬರಬಾರದು.

ಟೋಪಿ ಮಾಡಲು ಮನಸ್ಸಿದ್ದರೆ ಹುಟ್ಟಿದ ಮಗುವಿನ ಅಳತೆಗೆ ಮಾಡಬೇಡಿ. ಆಗ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. ಇರುತ್ತದೆ, ಆರು ತಿಂಗಳಿಗೆ 42–43ಕ್ಕೆ ಬರುತ್ತದೆ. ಪ್ರೀತಿಯಿಂದ ಮಾಡಿದ ಟೋಪಿ ಒಂದೇ ತಿಂಗಳಲ್ಲಿ ಏರದೇ ಹೋಗುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಸೂಜಿಮೊನೆ

ನನಗೆ ಕ್ರೋಶಾ ಬರುವುದಿಲ್ಲ, ಕಸೂತಿ ಮಾತ್ರ. ದೂರ ಹೋಗುವ ಗೆಳತಿಗೆ ನನ್ನ ಮಾತು ಕೇಳಿ: ಭಾರದ್ದು, ದೊಡ್ಡದು ಕೊಡಬೇಡಿ. ಅಂಗೈಯಗಲದ ಬಟ್ಟೆ ಸಾಕು. ನಿಮ್ಮ ಕೈಬರಹದಲ್ಲೇ ಒಂದು ಸಾಲು ಹೊಲಿದು ಕೊಡಿ.

ನನ್ನ ಅಮ್ಮ ತೀರಿಕೊಂಡ ಮೇಲೆ ಅವರ ಹಳೇ ಕಾಗದಗಳಲ್ಲಿ ಒಂದು ಸಾಲು ಸಿಕ್ಕಿತು. "ತಲುಪಿದ ಕೂಡಲೇ ಒಂದು ಸಾಲು ಬರಿ." ತಮ್ಮ ಹಾಸ್ಟೆಲ್‌ನಲ್ಲಿದ್ದಾಗ ಅವನಿಗೆ ಬರೆದದ್ದು. ಅದನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಮೇಲೆ ಬಿಳಿ ಬಟ್ಟೆ ಇಟ್ಟು, ಪೆನ್ಸಿಲ್‌ನಲ್ಲಿ ನಕಲು ಮಾಡಿಕೊಂಡೆ. ನೀಲಿ ದಾರದಲ್ಲಿ ಹೊಲಿದು ತಮ್ಮನಿಗೆ ಕೊಟ್ಟೆ. ಅಮ್ಮ 'ಲ'ದ ಸುರುಳಿಯನ್ನು ಬಿಗಿಯಾಗಿ, ಒಳಗೇ ಮುಗಿಸಿ ಬರೆಯುತ್ತಿದ್ದರು. ಅದನ್ನು ಹೊಲಿಯುವಾಗ ಅವರ ಕೈ ಹಿಡಿದುಕೊಂಡು ಬರೆದ ಹಾಗೆ ಅನ್ನಿಸಿತ್ತು. ತಮ್ಮ ಅದನ್ನು ಮೇಜಿನ ಎದುರು ತೂಗುಹಾಕಿದ್ದಾನೆ.

ಕನ್ನಡ ಅಕ್ಷರ ಹೊಲಿಯುವವರಿಗೆ ನಾನು ಕಂಡುಕೊಂಡದ್ದು ಇಷ್ಟು. ನಮ್ಮ ಅಕ್ಷರ ಎಲ್ಲ ಗುಂಡಗೆ. ಉದ್ದ ಹೊಲಿಗೆ ಹಾಕಿದರೆ ತಿರುವಿನಲ್ಲಿ ಮೂಲೆ ಮೂಲೆಯಾಗಿ ಕಾಣುತ್ತದೆ. ನೇರ ಗೆರೆಯಲ್ಲಿ 4 ಮಿ.ಮೀ. ಆದರೂ ನಡೆಯುತ್ತದೆ, ತಿರುವಿನಲ್ಲಿ 2 ಮಿ.ಮೀ. ಮೀರಬಾರದು. ಬ್ಯಾಕ್ ಸ್ಟಿಚ್ (ಒಂದು ಹೆಜ್ಜೆ ಹಿಂದೆ ಬಂದು ಮುಂದೆ ಹೋಗುವ ಹೊಲಿಗೆ) ಸಾಕು. ಕಸೂತಿ ದಾರದಲ್ಲಿ ಆರು ಎಳೆ ಇರುತ್ತವಲ್ಲ, ಅಕ್ಷರಕ್ಕೆ ಎರಡೆಳೆ ತೆಗೆದುಕೊಳ್ಳಿ, ಒತ್ತಕ್ಷರಕ್ಕೆ ಒಂದೇ ಎಳೆ. ಇಲ್ಲದಿದ್ದರೆ ಒತ್ತಿನ ಒಳಗಿನ ಜಾಗವೆಲ್ಲ ತುಂಬಿ ಚುಕ್ಕೆಯಾಗುತ್ತದೆ. ದಾರ 45 ಸೆಂ.ಮೀ.ಗಿಂತ ಉದ್ದ ಬೇಡ, ಬಟ್ಟೆಯಲ್ಲಿ ಹೋಗಿ ಬಂದು ನಯ ಕೆಟ್ಟು ಸಿಕ್ಕಾಗುತ್ತದೆ.

ಪೆನ್ಸಿಲ್ ಬದಲು ನೀರಿಗೆ ಹೋಗುವ ಪೆನ್ ಬಳಸಿದರೆ ಮೊದಲು ತೊಳೆದು ಆಮೇಲೆ ಇಸ್ತ್ರಿ ಮಾಡಿ. ಗೆರೆಯ ಮೇಲೆ ಬಿಸಿ ತಾಗಿದರೆ ಅದು ಅಲ್ಲೇ ನಿಲ್ಲಬಹುದು. ಬಿಸಿಗೆ ಮಾಯವಾಗುವ ಪೆನ್ನೂ ಇದೆ, ಆದರೆ ಆ ಗೆರೆ ಕೊರೆಯುವ ಚಳಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಗೆಳತಿ ಹೋಗುವ ಊರು ಹೇಗಿದೆಯೋ, ನಾನಾದರೆ ಬಳಸುವುದಿಲ್ಲ.

ನೂಲಿನುಂಡೆ

ಮೂವರಿಗೂ ಕೈಮುಗಿಯುತ್ತೇನೆ. ಸೂಜಿಮೊನೆ ಅವರೇ, ನಿಮ್ಮ ಅಮ್ಮನ ಸಾಲು ಓದಿ ತುಂಬಾ ಹೊತ್ತು ಫೋನ್ ಕೆಳಗಿಟ್ಟು ಕೂತಿದ್ದೆ. ಗೆಳತಿಗೆ ಏನು ಅಂತ ತೀರ್ಮಾನ ಆಯಿತು. ಕಾಲೇಜಿನಲ್ಲಿ ಕ್ಲಾಸ್ ನಡೆಯುವಾಗ ನಾವಿಬ್ಬರೂ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದು ಮಾತಾಡುತ್ತಿದ್ದೆವು. ಆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಅವಳ ಒಂದು ಸಾಲು, ನನ್ನ ಒಂದು ಸಾಲು, ಎರಡು ಬಣ್ಣ.

ಮಗುವಿಗೆ ಹೊದಿಕೆಯೇ ಮಾಡಬೇಕು ಅಂತ ಆಸೆ. ಚೌಕ ಚೌಕ ಜೋಡಿಸಿ ಮಾಡಿದರೆ ಆಗುತ್ತದಾ?

ಸಂಜೆ ಹೆಣಿಗೆ

ಚೌಕ ಬೇಡ ಅಂತ ನನ್ನ ಸಲಹೆ. ಒಂದು, ಗ್ರ್ಯಾನಿ ಚೌಕದಲ್ಲಿ (ನಡುವಿನಿಂದ ಶುರು ಮಾಡಿ ಸುತ್ತಲೂ ಹೆಣೆಯುವ ಚೌಕ) ತೂತು ಜಾಸ್ತಿ, ಪುಟ್ಟ ಹೆಜ್ಜೆ ಹೇಳಿದ್ದು ಸರಿ. ಎರಡು, ನೂಲಿನ ತುದಿಗಳ ಲೆಕ್ಕ ಹಾಕಿ ನೋಡಿ. 10 ಸೆಂ.ಮೀ. ಚೌಕ ಅಡ್ಡಕ್ಕೆ ಏಳು, ಉದ್ದಕ್ಕೆ ಏಳು ಅಂದರೆ 49. ಮೂರು ಬಣ್ಣ ಹಾಕಿದರೆ ಒಂದೊಂದು ಚೌಕಕ್ಕೂ ಆರು ತುದಿ. ಒಟ್ಟು 294 ತುದಿ ಸೂಜಿಯಲ್ಲಿ ಒಳಗೆ ಸೇರಿಸಬೇಕು. ಮಗುವಿನ ವಸ್ತುವಿನಲ್ಲಿ ಒಂದು ತುದಿ ಬಿಚ್ಚಿಕೊಂಡರೂ ಬೆರಳಿಗೆ ಸುತ್ತುತ್ತದೆ.

ಸಿಂಗಲ್ ಒಂದು, ಚೈನ್ ಒಂದು, ಮುಂದಿನ ಸಾಲಿನಲ್ಲಿ ಆ ಚೈನ್‌ನ ಸಂದಿಗೆ ಸಿಂಗಲ್. ಇದನ್ನೇ ಮಾಡುತ್ತಾ ಹೋಗಿ. ತೂತು ಬೀಳುವುದಿಲ್ಲ, ಬಟ್ಟೆ ಮೆತ್ತಗಿರುತ್ತದೆ. ನಾನು 75 ಸೆಂ.ಮೀ. ಚೌಕದ್ದು 4 ಮಿ.ಮೀ. ಕಡ್ಡಿಯಲ್ಲಿ ಮಾಡಿದಾಗ ಹತ್ತಿ ನೂಲು 450 ಗ್ರಾಂ ಹಿಡಿಯಿತು, ಸುಮಾರು 45 ಗಂಟೆ ಬೇಕಾಯಿತು. ನಿಮಗೆ ಸಮಯ ಸಾಕು. ಮೊದಲ ಚೈನ್ ಮಾತ್ರ 4.5ರ ಕಡ್ಡಿಯಲ್ಲಿ ಹಾಕಿ, ಬುಡ ಬಿಗಿಯಾಗಿ ಸೆಳೆಯುವುದಿಲ್ಲ. ಅಷ್ಟೂ ನೂಲು ಒಂದೇ ಸಲ ತನ್ನಿ, ಲೇಬಲ್ ಮೇಲಿನ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ನೂಲಿನ ಗುರುತು) ಎಲ್ಲ ಉಂಡೆಯಲ್ಲೂ ಒಂದೇ ಇರಲಿ. ಆಮೇಲೆ ತಂದ ಉಂಡೆ ಅದೇ ಬಣ್ಣ ಅಂತ ಇದ್ದರೂ ಪಕ್ಕದಲ್ಲಿಟ್ಟರೆ ಗೆರೆ ಎದ್ದು ಕಾಣುತ್ತದೆ.

ಶುರು ಮಾಡುವ ಮೊದಲು 15 ಸೆಂ.ಮೀ. ಚೌಕ ಒಂದು ಹೆಣೆದು, ನಡುವಿನ 10 ಸೆಂ.ಮೀ. ಗುರುತು ಮಾಡಿ, ನಿಮ್ಮ ತಮ್ಮನ ಮನೆಯವರು ಹೇಗೆ ಒಗೆಯುತ್ತಾರೋ ಹಾಗೇ ಒಗೆದು ನೋಡಿ.

ಅಪ್ಪನ ವಿಷಯ ಹೇಳುವ ಮೊದಲು ಒಂದು ಕೇಳಬೇಕು. ಆ ಕುಗ್ಗಿದ ಶಾಲನ್ನು ಎಸೆದಿಲ್ಲ ತಾನೆ? ಸ್ಟಿಚ್ ಕಾಣದಷ್ಟು ಕೂಡಿಕೊಂಡಿದೆ ಅಂದಿರಿ. ಅಂಥ ಉಣ್ಣೆಯನ್ನು ಕತ್ತರಿಸಿದರೂ ಬಿಚ್ಚಿಕೊಳ್ಳುವುದಿಲ್ಲ. ಮೂಲೆಯಲ್ಲಿ ಸ್ವಲ್ಪ ಕತ್ತರಿಸಿ, ಅಂಚು ಎಳೆದು ನೋಡಿ. ನಿಂತರೆ ನಿಮ್ಮ ಅಪ್ಪನ ಕನ್ನಡಕಕ್ಕೆ ಅದಕ್ಕಿಂತ ಒಳ್ಳೆ ಚೀಲ ಇನ್ನೊಂದಿಲ್ಲ. ದಪ್ಪ ಇದೆ, ಗಾಜಿಗೆ ಗೀರು ಬೀಳುವುದಿಲ್ಲ. 18 ಸೆಂ.ಮೀ. ಎತ್ತರ, 20 ಅಗಲ ಕತ್ತರಿಸಿ ನಡುವೆ ಮಡಚಿ. ಕೆಳಗೆ ಮತ್ತು ಒಂದು ಪಕ್ಕ ಬ್ಲಾಂಕೆಟ್ ಹೊಲಿಗೆ (ಅಂಚನ್ನು ಸುತ್ತಿ ಹಿಡಿಯುವ ಹೊಲಿಗೆ) ಹಾಕಿ, ಹೊಲಿಗೆಯಿಂದ ಹೊಲಿಗೆಗೆ ಅರ್ಧ ಸೆಂ.ಮೀ. ಇರಲಿ. ಬಾಯಿಯ ಎರಡು ತುದಿಯಲ್ಲಿ ಮೂರು ಸಲ ಸುತ್ತಿ ಭದ್ರ ಮಾಡಿ, ಹರಿಯುವುದು ಅಲ್ಲೇ.

ನೂಲಿನುಂಡೆ

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಹತ್ತಿಯ ಚೌಕ ಒಗೆದೆ. 10 ಇದ್ದದ್ದು 9.5 ಆಯಿತು, ಎರಡೂ ಕಡೆ. ಅಂದರೆ 75 ಬೇಕಾದರೆ 79 ಹೆಣೆಯಬೇಕು. ನೋಡದೇ ಶುರು ಮಾಡಿದ್ದರೆ ಮತ್ತೆ ಅದೇ ಕಥೆ ಆಗುತ್ತಿತ್ತು. ಈಗ 22 ಸಾಲು ಆಗಿದೆ, ಅಂಚು ನೇರ ಇದೆ.

ಅಕ್ಕನಿಗೆ ಫೋನ್ ಮಾಡಿ ಶಾಲಿನ ಮೂಲೆ ಕತ್ತರಿಸಿ ನೋಡು ಅಂದೆ. ಮೊದಲು ಒಪ್ಪಲಿಲ್ಲ. "ನೀನು ಮಾಡಿದ್ದನ್ನ ನಾನು ಕತ್ತರಿಸೋದಾ" ಅಂದಳು. ಕೊನೆಗೆ ಕತ್ತರಿಸಿದಳು. ಒಂದು ಎಳೆಯೂ ಬಿಚ್ಚಲಿಲ್ಲವಂತೆ. ಅಪ್ಪನ ಚೀಲ ತಾನೇ ಹೊಲಿಯುತ್ತೇನೆ, ನೀನು ಪಕ್ಕದಲ್ಲಿ ಕೂತು ಹೇಳಿಕೊಡು ಅಂದಿದ್ದಾಳೆ. ಭಾನುವಾರ ಬರುತ್ತಾಳೆ. ಅಷ್ಟರಲ್ಲಿ ಕೆಂಪು ಕಸೂತಿ ದಾರ ತರಬೇಕು, ಬೂದು ಬಣ್ಣದ ಮೇಲೆ ಚೆನ್ನಾಗಿ ಕಾಣುತ್ತದೆ ಅಲ್ವಾ?

ಸೂಜಿಮೊನೆ

ತುಂಬಾ ಚೆನ್ನಾಗಿ ಕಾಣುತ್ತದೆ. ಆದರೆ ಕೆಂಪು ಬಣ್ಣ ಬಿಡುವುದು ಜಾಸ್ತಿ. ಹೊಲಿಯುವ ಮೊದಲು ದಾರದ ತುಂಡೊಂದನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಆರೂ ಎಳೆ ಒಟ್ಟಿಗೆ ಬಳಸಿ. ಮೊದಲ ಗಂಟನ್ನು ಮಡಿಕೆಯ ಒಳಗೆ, ಎರಡು ಪದರದ ನಡುವೆ ಇಡಲು ಅಕ್ಕನಿಗೆ ಹೇಳಿ.