ಪೀಚ್ ಬೌಲ್: ಆ ಟಾರ್ಗೆಟಿಂಗ್ ಯಾಕೆ ಕೊಡಲಿಲ್ಲ?

ಟೆಂಪಿಯ ಸನ್ ಡೆವಿಲ್:
ಗೆಳೆಯರೇ, 2025ರ ಜನವರಿ 1ರಂದು ಅಟ್ಲಾಂಟಾದಲ್ಲಿ ನಡೆದ ಪೀಚ್ ಬೌಲ್‌ನಲ್ಲಿ, ಅಂದರೆ ಅಮೆರಿಕನ್ ಕಾಲೇಜು ಫುಟ್‌ಬಾಲ್‌ನ ಕ್ವಾರ್ಟರ್ ಫೈನಲ್‌ನಲ್ಲಿ, ನಮ್ಮ ಅರಿಜೋನಾ ಸ್ಟೇಟ್ ಸೋತಿದ್ದು ಇನ್ನೂ ಮನಸ್ಸಿನಿಂದ ಹೋಗುತ್ತಿಲ್ಲ. ಟೆಕ್ಸಸ್ 39, ನಾವು 31, ಎರಡು ಓವರ್‌ಟೈಮ್. ಸೋಲನ್ನು ಹೇಗೋ ನುಂಗಿಕೊಂಡಿದ್ದೇನೆ. ಟಾರ್ಗೆಟಿಂಗ್, ಅಂದರೆ ತಲೆಗೆ ಗುದ್ದುವ ಫೌಲ್, ಕೊಡದೆ ಬಿಟ್ಟ ಒಂದೇ ಒಂದು ಆಟ ಮಾತ್ರ ಗಂಟಲಲ್ಲೇ ನಿಂತಿದೆ.

ನಾಲ್ಕನೇ ಕ್ವಾರ್ಟರ್‌ನಲ್ಲಿ ನಾವು 24-8 ಹಿಂದಿದ್ದೆವು. ಕತೆ ಮುಗಿಯಿತು ಅನ್ನುವಾಗ ಕ್ಯಾಮ್ ಸ್ಕ್ಯಾಟಬೂ, ಚೆಂಡು ಹಿಡಿದು ಓಡುವವನು, ತಾನೇ ಚೆಂಡು ಎಸೆದು 42 ಗಜದ ಟಚ್‌ಡೌನ್ (ಎದುರಾಳಿಯ ಗೆರೆ ದಾಟಿಸಿ ಆರು ಪಾಯಿಂಟ್) ಮಾಡಿಸಿದ. ಆಮೇಲೆ ತಾನೇ ಓಡಿ ಇನ್ನೊಂದು. ಎರಡು ಸಲವೂ ಟಚ್‌ಡೌನ್ ಬಳಿಕದ ಎರಡು ಹೆಚ್ಚುವರಿ ಪಾಯಿಂಟ್‌ನ ಪ್ರಯತ್ನ ಕೈಗೂಡಿತು. 24-24. ಇಂಥ ಆಟ ನಮ್ಮ ಹುಡುಗರಿಂದ ನಾನು ನೋಡಿಯೇ ಇರಲಿಲ್ಲ.

ಇನ್ನು ಒಂದು ನಿಮಿಷದ ಮೇಲೆ ಸ್ವಲ್ಪ ಸಮಯ ಇತ್ತು. ಥರ್ಡ್ ಡೌನ್, ಅಂದರೆ ಚೆಂಡು ಉಳಿಸಿಕೊಳ್ಳಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು, 15 ಗಜ ಬೇಕು. ಮೆಲ್ಕ್ವಾನ್ ಸ್ಟೋವಲ್ ಚೆಂಡು ಹಿಡಿದ. ಸಾವರಿಸಿಕೊಳ್ಳುವುದರೊಳಗೆ ಟೆಕ್ಸಸ್‌ನ ಮೈಕಲ್ ಟ್ಯಾಫ್ ಬಂದು ಹೆಲ್ಮೆಟ್‌ಗೆ ಹೆಲ್ಮೆಟ್ ಗುದ್ದಿದ. ಸ್ಟೋವಲ್ ಬಿದ್ದಲ್ಲೇ ಬಿದ್ದಿದ್ದ. ಫೌಲ್ ಅಂತ ರೆಫರಿಗಳು ಎಸೆಯುವ ಫ್ಲ್ಯಾಗ್ ಬೀಳಲಿಲ್ಲ. ರಿಪ್ಲೇ ನೋಡಿದರು, ಟಾರ್ಗೆಟಿಂಗ್ ಇಲ್ಲ ಅಂದರು. ನಾವು ಪಂಟ್ ಮಾಡಿದೆವು, ಅಂದರೆ ಚೆಂಡನ್ನು ದೂರ ಒದ್ದು ಅವರಿಗೆ ಬಿಟ್ಟೆವು. ಕೊಟ್ಟಿದ್ದರೆ 15 ಗಜ, ಫಸ್ಟ್ ಡೌನ್ (ಹೊಸದಾಗಿ ನಾಲ್ಕು ಪ್ರಯತ್ನ), ಟೆಕ್ಸಸ್ ಕಡೆಯ ಅರ್ಧದಲ್ಲಿ ಚೆಂಡು. ಕಂಬಗಳ ನಡುವೆ ಒದ್ದು ಮೂರು ಪಾಯಿಂಟ್‌ನ ಒಂದು ಫೀಲ್ಡ್ ಗೋಲ್ ಹೊಡೆದಿದ್ದರೆ ಸೆಮಿಫೈನಲ್.

ನಿಯಮ ಗೊತ್ತಿರುವವರು ಬಿಡಿಸಿ ಹೇಳಿ. ಇದು ಟಾರ್ಗೆಟಿಂಗ್ ಅಲ್ಲ ಅಂದರೆ ಮತ್ಯಾವುದು? "ಸೋತವರು ರೆಫರಿಯನ್ನು ಬೈಯುತ್ತಾರೆ" ಅನ್ನುವ ಮಾತು ಮಾತ್ರ ಬೇಡ, ಅದನ್ನು ಬೇಕಾದಷ್ಟು ಕೇಳಿಸಿಕೊಂಡಿದ್ದೇನೆ.

ಆಸ್ಟಿನ್ ಅಕ್ಕ:
ನಾನು ಟೆಕ್ಸಸ್ ಕಡೆಯವಳು. ಆದರೂ ನಿಮ್ಮ ಸಂಕಟ ಅರ್ಥವಾಗುತ್ತದೆ. ಆ ಏಟು ನೋಡಿ ನನ್ನ ಎದೆಯೂ ಧಸಕ್ ಅಂದಿತ್ತು, ಟ್ಯಾಫ್ ಹೊರಗೆ ಹೋದ ಅಂತಲೇ ಅಂದುಕೊಂಡೆ.

ಆದರೆ ಮುಂದೆ ಏನಾಯಿತು ನೋಡಿ. ನೀವು ಪಂಟ್ ಮಾಡಿದ ಮೇಲೆ ಕೊನೆಯ ಕ್ಷಣದಲ್ಲಿ ನಮ್ಮ ಕಿಕರ್ 38 ಗಜದ ಫೀಲ್ಡ್ ಗೋಲನ್ನು ಕಂಬಕ್ಕೆ ಹೊಡೆದು ಕಳೆದುಕೊಂಡ. ಓವರ್‌ಟೈಮ್‌ನಲ್ಲಿ 31-24, ನೀವೇ ಮುಂದೆ. ನಮಗೆ ಫೋರ್ತ್ ಡೌನ್, ಕೊನೆಯ ಪ್ರಯತ್ನ, 13 ಗಜ ಬೇಕು. ಅಷ್ಟು ದೂರ ಬೇಕಾಗಿದ್ದಾಗ ನೀವು ಬ್ಲಿಟ್ಜ್ ಕಳಿಸಿದಿರಿ, ಹಿಂದೆ ಕಾಯಬೇಕಾದವರನ್ನೂ ಎಸೆಯುವವನ ಮೇಲೆ ನುಗ್ಗಿಸಿದಿರಿ! ಕ್ವಿನ್ ಎವರ್ಸ್ ಎಸೆದ, ಮ್ಯಾಥ್ಯೂ ಗೋಲ್ಡನ್ ಹಿಡಿದ, 28 ಗಜದ ಟಚ್‌ಡೌನ್. ಪಂದ್ಯ ಹೋಗಿದ್ದು ಅಲ್ಲಿ, ರಿಪ್ಲೇ ಕೋಣೆಯಲ್ಲಲ್ಲ.

ಟೆಂಪಿಯ ಸನ್ ಡೆವಿಲ್:
ಅಕ್ಕಾ, ಆ ಫೋರ್ತ್ ಡೌನ್ ನಮ್ಮ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಎರಡನೇ ಓವರ್‌ಟೈಮ್‌ನ ಇಂಟರ್‌ಸೆಪ್ಷನ್, ನಮ್ಮ ಎಸೆತ ಅವರ ಕೈಗೆ ಸಿಕ್ಕಿದ್ದು, ಕೂಡ ನಮ್ಮದೇ ತಪ್ಪು. ಆದರೆ ಓವರ್‌ಟೈಮ್ ತನಕ ಬರಬೇಕಾಗಿತ್ತಾ ಅನ್ನುವುದೇ ನನ್ನ ಪ್ರಶ್ನೆ. ನಮ್ಮ ತಪ್ಪು ಇದೆ ಅಂದ ಮಾತ್ರಕ್ಕೆ ಅವರ ತಪ್ಪು ಅಳಿಸಿಹೋಗುವುದಿಲ್ಲ ಅಲ್ವಾ?

ಶುಕ್ರವಾರದ ಲೈನ್ ಜಡ್ಜ್:
ನಾನು ಹೈಸ್ಕೂಲ್ ಪಂದ್ಯಗಳಲ್ಲಿ ಲೈನ್ ಜಡ್ಜ್, ಮೈದಾನದ ಬದಿಯಲ್ಲಿ ನಿಲ್ಲುವ ರೆಫರಿ. ಕಾಲೇಜು ಮಟ್ಟ ಬೇರೆಯೇ, ಆದರೆ ಈ ನಿಯಮವನ್ನು ಚೆನ್ನಾಗಿ ಓದಿಕೊಂಡಿದ್ದೇನೆ.

ಫ್ಲ್ಯಾಗ್ ಯಾಕೆ ಬೀಳಲಿಲ್ಲ ಅನ್ನುವುದು ಮೊದಲು. ಮೈದಾನದಲ್ಲಿ ಎಂಟು ಜನ ಇರುತ್ತಾರೆ, ಎಂಟೂ ಜನ ಚೆಂಡನ್ನೇ ನೋಡುತ್ತಿರುವುದಿಲ್ಲ. ಸ್ನ್ಯಾಪ್ ಆಗುವಾಗ, ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುವಾಗುವಾಗ, ಲೈನ್ ಮೇಲಿರುವವರು ಮೊದಲೇ ಅಲುಗಾಡಿದರಾ ಅಂತ ನಾನು ನೋಡಬೇಕು. ಆಮೇಲೆ ಕಣ್ಣು ನನ್ನ ಕಡೆಯ ರಿಸೀವರ್, ಅಂದರೆ ಎಸೆದ ಚೆಂಡು ಹಿಡಿಯುವವನ ಮೇಲೆ. ಮಧ್ಯದಲ್ಲಿ ಇಬ್ಬರು ಡಿಕ್ಕಿ ಹೊಡೆದರೆ ಎಷ್ಟೋ ಸಲ ನನಗೆ ಕಾಣುವುದು ಒಬ್ಬನ ಬೆನ್ನು ಮಾತ್ರ. ಟಪ್ ಅಂತ ಸದ್ದು ಬರುತ್ತದೆ, ಕೈ ಸೊಂಟದ ಫ್ಲ್ಯಾಗ್ ಕಡೆ ಹೋಗುತ್ತದೆ, ಅಲ್ಲೇ ನಿಲ್ಲಿಸಬೇಕು. ಸದ್ದು ಕೇಳಿ ಎಸೆಯುವ ಹಾಗಿಲ್ಲ, ಕಂಡಿದ್ದಕ್ಕೆ ಮಾತ್ರ. ಹಾಗಾಗಿ ಮೈದಾನದಲ್ಲಿದ್ದವರನ್ನು ನಾನು ದೂರುವುದಿಲ್ಲ.

ರಿಪ್ಲೇ ಕೋಣೆಯ ಮಾತು ಬೇರೆ. ಪಾಸ್ ಇಂಟರ್‌ಫಿಯರೆನ್ಸ್ (ಚೆಂಡು ಹಿಡಿಯುವವನಿಗೆ ಅಡ್ಡಿ), ಹೋಲ್ಡಿಂಗ್ (ಎದುರಾಳಿಯನ್ನು ಹಿಡಿದು ನಿಲ್ಲಿಸುವುದು) ಮೈದಾನದಲ್ಲಿ ತಪ್ಪಿಹೋದರೆ ಅವರೂ ಏನೂ ಮಾಡಲಾರರು. ಟಾರ್ಗೆಟಿಂಗ್ ಹಾಗಲ್ಲ. ಫ್ಲ್ಯಾಗ್ ಬೀಳದಿದ್ದರೂ ಅವರೇ ಕೊಡಬಹುದು. ಆದರೆ ಎಲ್ಲ ಅಂಶವೂ ಖಚಿತವಾಗಬೇಕು. ಏಟು ತಿಂದವನು ತನ್ನನ್ನು ಕಾಪಾಡಿಕೊಳ್ಳಲಾಗದ ಸ್ಥಿತಿಯಲ್ಲಿದ್ದನಾ? ತಲೆಗೋ ಕತ್ತಿಗೋ ಜೋರಾಗಿ ಬಿತ್ತಾ? ಇವೆರಡರ ಜೊತೆಗೆ ಹೊಡೆದವನಲ್ಲಿ ಒಂದು ಲಕ್ಷಣ ಕಾಣಬೇಕು: ಹಾರಿ ಬಂದಿರಬೇಕು, ಇಲ್ಲವೇ ಬಗ್ಗಿ ಮೇಲಕ್ಕೆ ಚಿಮ್ಮಿರಬೇಕು, ಇಲ್ಲವೇ ತಲೆಯನ್ನು ಮುಂದೆ ಮಾಡಿಕೊಂಡೋ ತಗ್ಗಿಸಿಯೋ ನುಗ್ಗಿರಬೇಕು. ಒಂದು ಅಂಶ ಸಿಗದಿದ್ದರೂ ಈ ಬಗೆಯ ಟಾರ್ಗೆಟಿಂಗ್ ಇಲ್ಲ. 2019ರಿಂದ ಫ್ಲ್ಯಾಗ್ ಬಿದ್ದ ಏಟಿಗೂ ಇದೇ ಕಟ್ಟುನಿಟ್ಟು. ಶಿಕ್ಷೆ ದೊಡ್ಡದು ನೋಡಿ. ಆಟಗಾರ ಹೊರಗೆ, ಆ ಸೀಸನ್‌ನ ನಿಯಮದಂತೆ ಎರಡನೇ ಅರ್ಧದಲ್ಲಾದರೆ ಮುಂದಿನ ಪಂದ್ಯದ ಮೊದಲರ್ಧಕ್ಕೂ ಇರುತ್ತಿರಲಿಲ್ಲ.

ಸ್ಟೋವಲ್ ಕಾಪಾಡಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹೆಲ್ಮೆಟ್‌ಗೇ ಬಿತ್ತು. ಉಳಿದಿದ್ದು ಲಕ್ಷಣ ಒಂದೇ. ಟ್ಯಾಫ್ ತಲೆ ಮುಂದೆ ಮಾಡಿಕೊಂಡೇ ಬಂದ ಅಂತ ನನಗೆ ಕಾಣುತ್ತದೆ. ನಾನಾಗಿದ್ದರೆ ಕೊಡುತ್ತಿದ್ದೆ. ಕೊಡದೇ ಇರುವುದಕ್ಕೂ ಒಂದು ವಾದ ಇದೆ, ಒಪ್ಪುತ್ತೇನೆ. ಹಾಗಾದರೆ ಆ ವಾದವನ್ನು ಮೈಕಿನಲ್ಲಿ ಹೇಳಬೇಕಿತ್ತು! "ತಲೆಗೆ ಬಿದ್ದಿದೆ, ಆದರೆ ಲಕ್ಷಣ ಕಾಣಲಿಲ್ಲ" ಅನ್ನಲು ಎಷ್ಟು ಹೊತ್ತು ಬೇಕು? ಕೋಪ ಬರುವುದು ಇದಕ್ಕೆ. ಎಪ್ಪತ್ತು ಸಾವಿರ ಜನ ಹಿಡಿಸುವ ಸ್ಟೇಡಿಯಂ, ಕ್ವಾರ್ಟರ್ ಫೈನಲ್, ಕಾರಣ ಮಾತ್ರ ಯಾರಿಗೂ ಗೊತ್ತಿಲ್ಲ.

ಡರಮ್‌ನಿಂದ:
ಕಾರಣ ಹೇಳಿದರೆ ನೋವು ಕಡಿಮೆಯಾಗುತ್ತದೆ ಅಂದುಕೊಳ್ಳಬೇಡಿ. ನಾನು ಡ್ಯೂಕ್ ವಿಶ್ವವಿದ್ಯಾಲಯದ ತಂಡದ ಅಭಿಮಾನಿ. 2015ರ ಅಕ್ಟೋಬರ್ 31, ಮಯಾಮಿ ಜೊತೆ ಪಂದ್ಯ. ನಾವು ಒದ್ದುಕೊಟ್ಟ ಕೊನೆಯ ಕಿಕ್‌ಆಫ್‌ನಲ್ಲಿ ಅವರು ಎಂಟು ಸಲ ಚೆಂಡನ್ನು ಹಿಂದಕ್ಕೆ ಎಸೆದಾಡಿ ಟಚ್‌ಡೌನ್ ಮಾಡಿದರು. ಅದರ ಮಧ್ಯೆ ಚೆಂಡು ಹಿಡಿದಿದ್ದ ಒಬ್ಬನ ಮೊಣಕಾಲು ನೆಲಕ್ಕೆ ತಾಗಿತ್ತು, ಆಟ ಅಲ್ಲಿಗೇ ಮುಗಿಯಬೇಕಿತ್ತು. ಮರುದಿನ ನಮ್ಮೆರಡೂ ತಂಡಗಳ ಕಾನ್ಫರೆನ್ಸ್ (ಲೀಗ್) ಎಸಿಸಿ ತಪ್ಪುಗಳನ್ನು ಒಂದೊಂದಾಗಿ ಒಪ್ಪಿಕೊಂಡಿತು, ಅಧಿಕಾರಿಗಳನ್ನು ಎರಡು ಪಂದ್ಯ ಹೊರಗಿಟ್ಟಿತು. ಸ್ಕೋರು? ಮಯಾಮಿ 30, ಡ್ಯೂಕ್ 27. ಇವತ್ತಿಗೂ ಹಾಗೇ ಇದೆ. "ಹೌದು, ಗೆದ್ದಿದ್ದು ನೀವೇ" ಅಂತ ಹೇಳಿ ಬರಿಗೈಯಲ್ಲಿ ಕಳಿಸಿದರು. ನಿಮಗಾದರೂ ಅನುಮಾನ ಉಳಿದಿದೆ, ನಮಗೆ ಅದೂ ಇಲ್ಲ.

ಟೆಂಪಿಯ ಸನ್ ಡೆವಿಲ್:
ಡರಮ್ ಸರ್, ಓದಿ ಹೊಟ್ಟೆ ಚುರುಕ್ ಅಂದಿತು. ಆದರೂ ನನಗೆ ಗೊತ್ತಾಗಬೇಕು. ಆ ಹುಡುಗ ತಲೆಗೆ ಏಟು ತಿಂದ, ಅದು ನಿಯಮದ ಒಳಗೆ ಯಾಕೆ ಬರಲಿಲ್ಲ ಅಂತ ತಿಳಿದರೆ ಮುಂದಿನ ಸೀಸನ್‌ನಲ್ಲಿ ಇನ್ನೊಬ್ಬ ಹುಡುಗನಿಗಾದರೂ ಉಪಯೋಗ ಆದೀತು. ಲೈನ್ ಜಡ್ಜ್ ಸರ್, ಆ ಆಟವನ್ನು ಇನ್ನೊಮ್ಮೆ ನೋಡುತ್ತೇನೆ. ಏನನ್ನು ಗಮನಿಸಬೇಕು?

ಶುಕ್ರವಾರದ ಲೈನ್ ಜಡ್ಜ್:
ಮೊದಲು ಮಾಮೂಲಿ ವೇಗದಲ್ಲಿ ನೋಡಿ. ನಿಧಾನ ಮಾಡಿದರೆ ಪ್ರತಿ ಏಟೂ ಬೇಕಂತಲೇ ಕೊಟ್ಟ ಹಾಗೆ ಕಾಣುತ್ತದೆ. ಆಮೇಲೆ ತಾಗುವುದಕ್ಕೆ ಒಂದು ಹೆಜ್ಜೆ ಮುಂಚೆ ನಿಲ್ಲಿಸಿ. ಸ್ಟೋವಲ್‌ನನ್ನು ಬಿಡಿ, ಟ್ಯಾಫ್‌ನ ಭುಜ ಮತ್ತು ಹೆಲ್ಮೆಟ್‌ನಲ್ಲಿ ಯಾವುದು ಮುಂದಿದೆ ನೋಡಿ. ನೋಡಿದ ಮೇಲೆ ಇಲ್ಲೇ ಬರೆಯಿರಿ. ಆಸ್ಟಿನ್ ಅಕ್ಕ, ನೀವೂ.