ಸಕ್ಕರೆಗೆ ಬೈಯುವ ಮುಂಚೆ ಹಾಲಿನ ಲೋಟ ನೋಡಿ

ಮಗು ಕ್ಲಾಸಿನಲ್ಲಿ ಒಂದು ಕಡೆ ಕೂರುವುದಿಲ್ಲ, ಹೇಳಿದ್ದು ತಲೆಗೆ ಹತ್ತುವುದಿಲ್ಲ ಎಂದು ಟೀಚರ್ ಹೇಳಿದರೆ ನಾವು ಮೊದಲು ಬೈಯುವುದು ಚಾಕೊಲೇಟಿಗೆ. ಇಲ್ಲಿ ಬ್ರಿಟನ್ನಿನಲ್ಲಿ ಬರ್ತ್‌ಡೇ ಪಾರ್ಟಿ ಮುಗಿದ ಮೇಲೆಲ್ಲ ಇದೇ ಮಾತು. ಆದರೆ 1995ರಲ್ಲೇ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ಸಕ್ಕರೆಯಿಂದ ಮಕ್ಕಳ ನಡವಳಿಕೆ ಕೆಡುತ್ತದೆ ಎಂದು ಕಾಣಲಿಲ್ಲ. ಹಲ್ಲು ಹಾಳಾಗುತ್ತದೆ, ಅದು ಬೇರೆ ವಿಷಯ.

ತಿಂಡಿಗೆ ಹಾಕುವ ಬಣ್ಣದ ಮೇಲಿನ ಅನುಮಾನ ಮಾತ್ರ ಪೂರ್ತಿ ಸುಳ್ಳಲ್ಲ. ಸೌತಾಂಪ್ಟನ್ ವಿಶ್ವವಿದ್ಯಾಲಯದವರು 2007ರಲ್ಲಿ ಕೃತಕ ಬಣ್ಣ ಬೆರೆಸಿದ ಪಾನೀಯ ಕೊಟ್ಟು ನೋಡಿದಾಗ ಕೆಲವು ಮಕ್ಕಳ ಚಡಪಡಿಕೆ ಸ್ವಲ್ಪ ಜಾಸ್ತಿ ಆಗಿತ್ತು. 2010ರಿಂದ ಅಂಥ ಆರು ಬಣ್ಣಗಳಿದ್ದರೆ ಪ್ಯಾಕೆಟ್ ಮೇಲೆ ಎಚ್ಚರಿಕೆ ಬರೆಯಲೇಬೇಕು. ಇಂಡಿಯನ್ ಅಂಗಡಿಯ ಕೆಂಪು, ಹಳದಿ ಸ್ವೀಟ್ ತರುವಾಗ ಪ್ಯಾಕೆಟ್ ಮೇಲೆ ಇ102, ಇ110 ಎಂಬ ಬಣ್ಣದ ಸಂಖ್ಯೆ ಇದೆಯಾ ನೋಡಿ, ಸಾಕು.

ನನ್ನನ್ನು ಕೇಳಿದರೆ ಮೊದಲು ನೋಡಬೇಕಾದ್ದು ಕಬ್ಬಿಣದ ಅಂಶ. ನಮ್ಮ ಮನೆಗಳಲ್ಲಿ ಮಗು ಊಟ ಬಿಟ್ಟರೂ ಪರವಾಗಿಲ್ಲ, ಹಾಲು ಮಾತ್ರ ಬಿಡಬಾರದು, ಅಲ್ವಾ? ಅಜ್ಜಿ ವೀಡಿಯೋ ಕಾಲ್‌ನಲ್ಲಿ ಕೇಳುವುದೂ ಅದನ್ನೇ. ಆದರೆ ಹಸುವಿನ ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಅದರ ಕ್ಯಾಲ್ಸಿಯಂ ಬೇರೆ ಊಟದ ಕಬ್ಬಿಣ ಹೀರಿಕೊಳ್ಳಲೂ ಅಡ್ಡಿ. ಮೇಲಾಗಿ ಹೊಟ್ಟೆ ತುಂಬಿಬಿಡುತ್ತದೆ, ಸೊಪ್ಪು ಬೇಳೆ ಯಾರಿಗೆ ಬೇಕು? ಪುಟ್ಟ ಮಕ್ಕಳಿಗೆ ದಿನಕ್ಕೆ ಅರ್ಧ ಲೀಟರ್ ಮೀರಿದರೆ ಜಾಸ್ತಿಯೇ. ಕಬ್ಬಿಣ ಕಡಿಮೆಯಾದ ಮಗು ಸುಸ್ತಾಗುತ್ತದೆ, ಸಿಡುಕುತ್ತದೆ, ಗಮನ ನಿಲ್ಲುವುದಿಲ್ಲ. ಹಿಮೋಗ್ಲೋಬಿನ್ ಸರಿಯಿದ್ದರೂ ಮೈಯೊಳಗಿನ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ಜಿಪಿ (ಇಲ್ಲಿನ ಫ್ಯಾಮಿಲಿ ಡಾಕ್ಟರ್) ಹತ್ತಿರ ಹೋದಾಗ ಫೆರಿಟಿನ್, ಅಂದರೆ ಆ ದಾಸ್ತಾನು ತೋರಿಸುವ ರಕ್ತಪರೀಕ್ಷೆ, ನೋಡಬೇಕಾ ಎಂದು ಕೇಳಿ. ಪರೀಕ್ಷೆ ಇಲ್ಲದೆ ಸುಮ್ನೆ ಟಾನಿಕ್ ಕುಡಿಸಬೇಡಿ. ಕಬ್ಬಿಣ ಅತಿಯಾದರೆ ಮಕ್ಕಳಿಗೆ ವಿಷ.

ಕಬ್ಬಿಣಕ್ಕೆ ರಾಗಿಯೊಂದನ್ನೇ ನೆಚ್ಚಿಕೊಂಡರೂ ಆಗುವುದಿಲ್ಲ, ಅದರಲ್ಲಿಯೂ ಕ್ಯಾಲ್ಸಿಯಂ ದಂಡಿಯಾಗಿದೆ. ಮೊಳಕೆ ಬರಿಸಿದ ಹೆಸರುಕಾಳಿನ ಉಸಲಿಗೆ ನಿಂಬೆ ಹಿಂಡಿ ಕೊಡಿ. ಹುಳಿ ಇದ್ದರೆ ಕಾಳಿನ ಕಬ್ಬಿಣ ಚೆನ್ನಾಗಿ ಒಳಗೆ ಹೋಗುತ್ತದೆ. ಮೊಟ್ಟೆ, ಮಾಂಸ ಮುಟ್ಟದ ಮನೆಯವರು ವಿಟಮಿನ್ ಬಿ12 ಕೂಡ ನೋಡಿಸಿ.

ಇನ್ನೊಂದು ಮಾತು. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಇರಬಹುದು ಎಂದು ಶಾಲೆಯವರು ಹೇಳಿದ್ದರೆ, ಊಟ ಸರಿ ಮಾಡಿ ನೋಡೋಣ ಎಂದು ಅಸೆಸ್‌ಮೆಂಟ್ ಮುಂದೂಡಬೇಡಿ. ಇಲ್ಲಿನ ಸರದಿ ತುಂಬಾ ಉದ್ದ. ಮೊದಲು ಹೆಸರು ಬರೆಸಿ, ಅಡುಗೆಮನೆ ಬದಲಾವಣೆ ಜೊತೆಜೊತೆಗೇ ನಡೆಯಲಿ.

ಅಂದ ಹಾಗೆ, ಲಂಚ್ ಬಾಕ್ಸಿನ ಉಸಲಿ ಹಾಗೇ ವಾಪಸ್ ಬರದಂತೆ ಯಾರಾದರೂ ಉಪಾಯ ಕಂಡುಕೊಂಡಿದ್ದೀರಾ?